ಹಡಗಿನಲ್ಲಿ ಸತ್ತ ಕುದುರೆಯ ಬಾಲ

ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ 1530ರ ದಶಕದಲ್ಲಿ ವಿಜಯನಗರದಲ್ಲಿದ್ದ. ಅವನು ಬರೆದಿಟ್ಟ ವೃತ್ತಾಂತದಲ್ಲಿ ಸಾಳುವ ನರಸಿಂಹನ ಕುರಿತು ಒಂದು ಸಣ್ಣ ಸಂಗತಿ ಬರುತ್ತದೆ. ನರಸಿಂಹ ಹೊರ್ಮುಜ್ ಮತ್ತು ಏಡನ್ ಬಂದರುಗಳಿಂದ ಕುದುರೆ ತರಿಸುತ್ತಿದ್ದ. ವ್ಯಾಪಾರಿಗಳು ಕೇಳಿದಷ್ಟು ಬೆಲೆ ಕೊಡುತ್ತಿದ್ದ. ಸಾವಿರ ಪರ್ದಾವ್ ನಾಣ್ಯಕ್ಕೆ ಮೂರು ಕುದುರೆ. ಬದುಕಿ ಬಂದರೂ ಅಷ್ಟೇ, ಸತ್ತರೂ ಅಷ್ಟೇ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಗೆ ಕೊಡುವ ಹಣವನ್ನೇ ಎಣಿಸಿಕೊಡಲಾಗುತ್ತಿತ್ತು.

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಈ ಸಂಗತಿ ಬಂದಾಗಲೆಲ್ಲ ಅದನ್ನು ಅರಸನ ಔದಾರ್ಯಕ್ಕೋ ಸೈನ್ಯದ ಹಸಿವಿಗೋ ಉದಾಹರಣೆಯಾಗಿ ಕೊಡುತ್ತಾರೆ. ಎರಡೂ ಸರಿಯೇ. ಆದರೆ ಆ ಬಾಲ ಎಲ್ಲಿ ಕತ್ತರಿಸಲ್ಪಟ್ಟಿತು ಎಂಬ ಕಡೆಗೆ ನಮ್ಮ ಗಮನ ಹೋಗುವುದಿಲ್ಲ. ಅದು ನಡುಗಡಲಿನಲ್ಲಿ, ಅಲ್ಲಾಡುವ ಹಲಗೆಯ ಮೇಲೆ. ಯಾರೋ ಒಬ್ಬ ಚಾಕರಿಯವನು ತಾನೇ ನೀರು ಕುಡಿಸಿ ಮೈ ಉಜ್ಜಿ ಸಾಕುತ್ತಾ ತಂದ ಕುದುರೆ ಸತ್ತ ಮೇಲೆ ಅದರ ಬಾಲ ಕೊಯ್ದು ಉಪ್ಪು ಸವರಿಯೋ ಒಣಗಿಸಿಯೋ ಇಟ್ಟುಕೊಂಡು, ಮೈಯನ್ನು ನೀರಿಗೆ ನೂಕಿರಬೇಕು. ಆ ಕೈ ಯಾರದು? ನೂನಿಜ್ ಹೇಳುವುದಿಲ್ಲ. ಅವನು ಹೇಳದಿದ್ದುದರಲ್ಲಿ ಆಶ್ಚರ್ಯವಿಲ್ಲ, ಅವನು ವ್ಯಾಪಾರಿ. ಆಶ್ಚರ್ಯವೆಂದರೆ ಅವನ ಪಠ್ಯವನ್ನು ನೂರಾರು ವರ್ಷಗಳ ನಂತರ ಓದುವ ನಾವೂ ವ್ಯಾಪಾರಿಯ ಕಣ್ಣಿನಲ್ಲೇ ಓದುತ್ತೇವೆ.

ರಾಬರ್ಟ್ ಸೆವೆಲ್ 1900ರಲ್ಲಿ ತಂದ ವಿಜಯನಗರದ ಇತಿಹಾಸದಲ್ಲಿ ನೂನಿಜ್ ಮತ್ತು ಪಾಯೆಸ್ ಇಬ್ಬರ ವೃತ್ತಾಂತಗಳೂ ಇಂಗ್ಲಿಷಿಗೆ ಬಂದವು. ಕನ್ನಡದಲ್ಲಿ ವಿಜಯನಗರದ ಬಗ್ಗೆ ಬರೆದ ಕಾದಂಬರಿಕಾರರು, ನಾಟಕಕಾರರು, ಪಠ್ಯಪುಸ್ತಕದವರು ನೇರವಾಗಿಯೋ ಬಳಸಿಯೋ ಅಲ್ಲಿಂದಲೇ ನೀರು ಸೇದಿದ್ದಾರೆ. ರಾಯನು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂಬ ನೂನಿಜ್‌ನ ಲೆಕ್ಕ ಎಲ್ಲರಿಗೂ ಗೊತ್ತು. ಅದು ಹೊರ್ಮುಜ್ ಕುದುರೆ, ನಾಡಕುದುರೆ ಎರಡನ್ನೂ ಸೇರಿಸಿದ ಲೆಕ್ಕ. ನಮ್ಮ ಕಥನಗಳಲ್ಲಿ ಕುದುರೆ ಬರುವುದು ಈ ಸಂಖ್ಯೆಯಾಗಿ, ಇಲ್ಲವೇ ಅರಸನ ಕಾಲಕೆಳಗಿನ ಬಿಳಿಯ ಬಣ್ಣವಾಗಿ. ಅದು ಲಾಯದಿಂದ ಹೊರಡುತ್ತದೆ, ರಣರಂಗದಲ್ಲಿ ಬೀಳುತ್ತದೆ. ಲಾಯಕ್ಕೆ ಬರುವ ಮೊದಲು ಅದು ವಾರಗಟ್ಟಲೆ ಹಡಗಿನಲ್ಲಿ ನಿಂತಿತ್ತು ಎಂಬುದು ಕಥೆಯೊಳಗೆ ಬರುವುದೇ ಇಲ್ಲ. ಈ ಲೋಪ ಪ್ರಾಣಿಗಳ ಬಗೆಗಿನ ಲೋಪವಷ್ಟೇ ಅಲ್ಲ. ಪ್ರಾಣಿಯನ್ನು ಹಡಗಿನಿಂದ ಅಳಿಸಿದಾಗ ಅದಕ್ಕೆ ಹುಲ್ಲು ಹಾಕಿದ ಮನುಷ್ಯನೂ ಅಳಿಸಿಹೋಗುತ್ತಾನೆ. ಉಳಿಯುವುದು ಅರಸ, ಅವನ ಧರ್ಮ, ಅವನ ಲಾಂಛನ. ಆಮೇಲೆ ನಾವು ಲಾಂಛನಗಳಿಗಾಗಿ ಜಗಳವಾಡುತ್ತೇವೆ.

ಆದ್ದರಿಂದ ಮೊದಲು ಹಡಗನ್ನೇ ನೋಡಬೇಕು. ಹೊರ್ಮುಜ್‌ನ ಹಡಗುಗಳನ್ನು ಮಾರ್ಕೊ ಪೋಲೊ 13ನೇ ಶತಮಾನದ ಕೊನೆಯಲ್ಲಿ ವರ್ಣಿಸಿದ್ದಾನೆ. ಅವುಗಳಿಗೆ ಕಬ್ಬಿಣದ ಮೊಳೆಯಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ. ಒಂದು ಕಂಬ, ಒಂದು ಹಾಯಿ, ಒಂದು ಚುಕ್ಕಾಣಿ. ಮೇಲಟ್ಟವಿಲ್ಲ. ಸರಕು ತುಂಬಿ ಅದರ ಮೇಲೆ ತೊಗಲು ಹೊದಿಸಿ, ಆ ತೊಗಲಿನ ಮೇಲೆ ಹಿಂದುಸ್ತಾನದಲ್ಲಿ ಮಾರುವ ಕುದುರೆಗಳನ್ನು ನಿಲ್ಲಿಸುತ್ತಾರೆ. ಪೋಲೊನಿಗೆ ಈ ಹಡಗುಗಳ ಮೇಲೆ ನಂಬಿಕೆಯಿರಲಿಲ್ಲ, ಬಿರುಗಾಳಿಗೆ ಬಹಳ ಮುಳುಗುತ್ತವೆ ಎಂದೇ ಬರೆದಿದ್ದಾನೆ. ಮುಳುಗದೆ ಬಂದ ಹಡಗಿನಲ್ಲಾದರೂ ಕುದುರೆಯ ಪಾಡೇನು? ಬಿಸಿಲು ನೆತ್ತಿಯ ಮೇಲೆ, ಕಾಲಡಿಯಲ್ಲಿ ಜಾರುವ ತೊಗಲು, ಮಲಗಲು ಜಾಗವಿಲ್ಲ. ಮನುಷ್ಯನಿಗೆ ಕಡಲಬೇನೆ ಬಂದರೆ ವಾಂತಿ ಮಾಡಿ ಹಗುರಾಗುತ್ತಾನೆ. ಕುದುರೆಯ ದೇಹರಚನೆ ಅದಕ್ಕೆ ವಾಂತಿ ಮಾಡಲು ಬಿಡುವುದಿಲ್ಲ. ಹೊಟ್ಟೆಶೂಲೆ ಬಂದರೆ ಅದು ನಿಂತಲ್ಲೇ ನರಳಬೇಕು, ಬಿದ್ದರೆ ಏಳುವುದು ಕಷ್ಟ.

ಇನ್ನು ನೀರು. ಒಂದು ಕುದುರೆಗೆ ದಿನಕ್ಕೆ ಕನಿಷ್ಠ 30 ಲೀಟರ್ ನೀರು ಬೇಕು ಎಂದಿಟ್ಟುಕೊಳ್ಳಿ. ಆರು ವಾರದ ಪಯಣವಾದರೆ ಒಂದು ಕುದುರೆಗೆ 1,260 ಲೀಟರ್. ಮೂವತ್ತು ಕುದುರೆಯಾದರೆ 37,800 ಲೀಟರ್. ಸುತ್ತ ಕಣ್ಣು ಹಾಯುವಷ್ಟು ದೂರ ನೀರು, ಕುಡಿಯಲು ಬಾರದ ನೀರು. ಗಾಳಿ ಬಿದ್ದು ಹಡಗು ನಾಲ್ಕು ದಿನ ನಿಂತಲ್ಲೇ ನಿಂತರೆ ನಾಖುದಾ ಮೊದಲು ಯಾರ ನೀರನ್ನು ಕಡಿಮೆ ಮಾಡಬೇಕು? ಕುದುರೆ ದುಬಾರಿ ಸರಕು, ಖಲಾಸಿ ಅಗ್ಗದ ಜೀವ. ಆದರೆ ಖಲಾಸಿ ಸತ್ತರೆ ಹಾಯಿ ಎಳೆಯುವವರಿಲ್ಲ. ಬಾಲದ ಕರಾರು ಇಂಥ ಲೆಕ್ಕಾಚಾರದ ನಡುವೆ ಹುಟ್ಟಿದ್ದು.

ಈ ಕರಾರು ಸಾಳುವ ನರಸಿಂಹನೊಬ್ಬನದಲ್ಲ. ಅವನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆಯೇ ಪಾಂಡ್ಯರ ಮಾಬರ್ ಕರಾವಳಿಗೆ ಕಿಶ್ ದ್ವೀಪದಿಂದ ಕುದುರೆ ಕಳಿಸುತ್ತಿದ್ದ ವ್ಯಾಪಾರಿಗಳ ಒಪ್ಪಂದವನ್ನು ಪಾರಸಿ ಇತಿಹಾಸಕಾರ ವಸ್ಸಾಫ್ ದಾಖಲಿಸಿದ್ದಾನೆ. ವರ್ಷಕ್ಕೆ 1,400 ಕುದುರೆ, ತಲೆಗೆ 220 ಕೆಂಪು ಚಿನ್ನದ ದೀನಾರು. ದಾರಿಯಲ್ಲಿ ಗಾಯವಾದರೂ ಸತ್ತರೂ ಬೆಲೆ ರಾಜನ ಬೊಕ್ಕಸದಿಂದಲೇ. ಕೊಳ್ಳುವವನ ಅಗತ್ಯ ಎಷ್ಟು ದೊಡ್ಡದಿತ್ತೆಂದರೆ ಕಡಲಿನ ಅಪಾಯವನ್ನೆಲ್ಲ ಅವನೇ ಹೊರಬೇಕಾಯಿತು. ಹೊರದಿದ್ದರೆ ವ್ಯಾಪಾರಿ ಹಡಗು ಹತ್ತುತ್ತಲೇ ಇರಲಿಲ್ಲ. ಇಷ್ಟರ ಮಟ್ಟಿಗೆ ಇದು ಜಾಣ ಏರ್ಪಾಡು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸತ್ತರೂ ಹಣ ಸಿಗುವಾಗ ಕುದುರೆಯ ಜೀವ ಯಾರ ಖಾತೆಗೂ ಸೇರುವುದಿಲ್ಲ. ಮಾರ್ಕೊ ಪೋಲೊ ಇನ್ನೂ ಒಂದು ಕಹಿ ಮಾತು ಬರೆದಿದ್ದಾನೆ: ಕುದುರೆ ವೈದ್ಯರು, ಲಾಳ ಕಟ್ಟುವವರು ಮಾಬರ್‌ಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಕುದುರೆಗಳು ಬೇಗ ಸತ್ತರೆ ಮುಂದಿನ ವರ್ಷ ಮತ್ತೆ ಮಾರಬಹುದಲ್ಲ!

ಆ ವ್ಯಾಪಾರಿಗಳಲ್ಲಿ ಬಹುಪಾಲು ಜನ ಮುಸ್ಲಿಮರು. ಅರಬ್ ವ್ಯಾಪಾರಿ ಎಂದೊಡನೆ ಪ್ರಾಮಾಣಿಕತೆಯ ಕಥೆಗಳನ್ನಷ್ಟೇ ಹೇಳಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಬಾಯಾರಿದ ನಾಯಿಗೆ ನೀರುಣಿಸಿದವನಿಗೆ ಮುಕ್ತಿ ಸಿಕ್ಕ, ಬೆಕ್ಕನ್ನು ಕೂಡಿಹಾಕಿ ಕೊಂದವಳಿಗೆ ಶಿಕ್ಷೆಯಾದ ಹದೀಸುಗಳನ್ನು ಮದರಸದ ಮಕ್ಕಳೂ ಬಲ್ಲರು. ಅದೇ ಧರ್ಮದ ಜನ ಲಾಭಕ್ಕಾಗಿ ಕುದುರೆಯ ಸಾವನ್ನು ಲೆಕ್ಕಕ್ಕೆ ಹಿಡಿದರು ಎಂಬ ಆರೋಪವನ್ನು ಮುಚ್ಚಿಟ್ಟು ನಮ್ಮ ಚರಿತ್ರೆ ಬರೆಯಬೇಕಾಗಿಲ್ಲ. ಹಾಗೆಯೇ ಆ ಲಾಭ ಸಾಧ್ಯವಾದದ್ದು ಕೊಳ್ಳುವ ಅರಸರ ಯುದ್ಧದಾಹದಿಂದ ಎಂಬುದನ್ನೂ ಮರೆಯಬೇಕಾಗಿಲ್ಲ.

ಕುದುರೆ ಹಡಗಿನ ಬಗ್ಗೆ ನಮಗೆ ಉಳಿದಿರುವ ಪಠ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಬರೆದವನ ಸ್ಥಾನ ಬರಹವನ್ನು ಹೇಗೆ ತಿದ್ದುತ್ತದೆ ಎಂಬುದು ಕಾಣುತ್ತದೆ. ಅಬ್ದುರ್ ರಝಾಕ್ ಸಮರ್ಕಂದಿ ರಾಯಭಾರಿ. 1442ರಲ್ಲಿ ಹೆರಾತಿನ ಶಾರುಖ್ ಅವನನ್ನು ಕಲ್ಲಿಕೋಟೆಯ ಸಾಮೂದಿರಿಯ ಬಳಿಗೆ ಕುದುರೆ ಮೊದಲಾದ ಉಡುಗೊರೆಗಳೊಂದಿಗೆ ಕಳಿಸಿದ. ಹೊರ್ಮುಜ್‌ನಲ್ಲಿ ಮನುಷ್ಯರನ್ನೂ ಕುದುರೆಗಳನ್ನೂ ಒಂದೇ ಹಡಗಿನಲ್ಲಿ ಒಯ್ಯಲಾಗದೆಂದು ಹೇಳಿ ಅವರನ್ನು ಬೇರೆ ಬೇರೆ ಹಡಗುಗಳಿಗೆ ಹಂಚಿದರು. ಹಡಗಿನ ವಾಸನೆ ಮೂಗಿಗೆ ಬಡಿದೊಡನೆ ತನಗೆ ಮೂರು ದಿನ ಎಚ್ಚರವೇ ಇರಲಿಲ್ಲ ಎಂದು ಬರೆದಿದ್ದಾನೆ. ಗದ್ಯ ಬಹಳ ಸೊಗಸು. ಭಯ, ಬಳಲಿಕೆ, ದೇವರ ಮೇಲಿನ ಭರವಸೆ ಎಲ್ಲವೂ ಇದೆ. ಆದರೆ ಅದೆಲ್ಲವೂ ಅವನದು. ಆಚೆ ಹಡಗಿನಲ್ಲಿದ್ದ ಕುದುರೆಗಳು ಮತ್ತು ಅವುಗಳ ಜೊತೆ ನಿಂತ ಸಾಯಿಸರಿಗೆ ಏನಾಯಿತೆಂಬ ಮಾತು ಅವನ ಗದ್ಯದ ವೈಭವದೊಳಗೆ ಹಿಡಿಸಲಿಲ್ಲ. ಅವನು ಮುಂದೆ ಮಂಗಳೂರಿನ ಮೇಲೆ ವಿಜಯನಗರಕ್ಕೆ ಬಂದು ಇಮ್ಮಡಿ ದೇವರಾಯನನ್ನು ಕಂಡ; 1444ರ ಆರಂಭದಲ್ಲಿ ನಮ್ಮ ಹೊನ್ನಾವರದಿಂದಲೇ ಮರಳಿ ಹಡಗು ಹತ್ತಿದ.

ಅಫನಾಸಿ ನಿಕಿಟಿನ್ ಬೇರೆ ಜಾತಿಯ ಲೇಖಕ. ರಷ್ಯದ ತ್ವೇರ್ ಊರಿನ ಸಣ್ಣ ವ್ಯಾಪಾರಿ. ದಾರಿಯಲ್ಲಿ ದರೋಡೆಗೆ ಸಿಕ್ಕಿ ಬರಿಗೈಯಾದವನು. 15ನೇ ಶತಮಾನದ ಎಪ್ಪತ್ತರ ಆಸುಪಾಸಿನಲ್ಲಿ ಹೊರ್ಮುಜ್‌ನಿಂದ ಒಂದೇ ಒಂದು ಗಂಡುಕುದುರೆಯೊಂದಿಗೆ ಹಡಗು ಹತ್ತಿದ. ಆರು ವಾರ ಕಡಲಲ್ಲಿ ಸಾಗಿ ಚೌಲ್ ಬಂದರು ಸೇರಿದ. ಆ ಕುದುರೆಗೆ ತಾನು ನೂರು ರೂಬಲ್ ಸುರಿದೆ ಎಂದು ಬರೆದಿದ್ದಾನೆ. ಅದು ಅವನ ಬಂಡವಾಳವೆಲ್ಲ. ಜುನ್ನಾರ್‌ನಲ್ಲಿ ಅಸದ್ ಖಾನ್ ಎಂಬ ಅಧಿಕಾರಿ ಇವನು ಮುಸಲ್ಮಾನನಲ್ಲವೆಂದು ತಿಳಿದು ಕುದುರೆ ಕಿತ್ತುಕೊಂಡ. ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ, ಇಲ್ಲದಿದ್ದರೆ ದಂಡ. ಖುರಾಸಾನಿನ ಮುಹಮ್ಮದ್ ಎಂಬ ಹಿರಿಯನೊಬ್ಬ ಹೋಗಿ ಮಾತಾಡಿ ಕುದುರೆಯನ್ನು ಬಿಡಿಸಿಕೊಟ್ಟ. ಕಿತ್ತುಕೊಂಡವನೂ ಮುಸಲ್ಮಾನ, ಬಿಡಿಸಿದವನೂ ಮುಸಲ್ಮಾನ. ನಿಕಿಟಿನ್ ಇಬ್ಬರನ್ನೂ ಬರೆದಿಟ್ಟ, ಒಬ್ಬನನ್ನು ಹೇಳಿ ಇನ್ನೊಬ್ಬನನ್ನು ನುಂಗಲಿಲ್ಲ. ಇಂದು ನಮ್ಮ ನಾಡಿನಲ್ಲಿ ಚರಿತ್ರೆ ಹೇಳುವವರಿಗೆ ಈ ಸಣ್ಣ ಪ್ರಾಮಾಣಿಕತೆ ಬೇಕಾಗಿದೆ.

ಕೊನೆಗೆ ಅವನು ಕುದುರೆಯನ್ನು ಮಾರಿದ್ದು ಬೀದರಿನಲ್ಲಿ. ಒಂದು ವರ್ಷ ಅದನ್ನು ಸಾಕಿದ ಖರ್ಚಿನ ಲೆಕ್ಕವನ್ನೂ ಬರೆದಿದ್ದಾನೆ. ಈ ದೇಶದಲ್ಲಿ ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ತುಪ್ಪ ಬೆರೆಸಿದ ಕಿಚಡಿ ಬೇಯಿಸಿ ತಿನ್ನಿಸುತ್ತಾರೆ ಎಂದು ಗಮನಿಸಿದ್ದಾನೆ. ಅವನ ಬರಹದಲ್ಲಿ ಶೈಲಿಯ ಬೆಡಗಿಲ್ಲ. ರಷ್ಯನ್ ನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ನುಗ್ಗುತ್ತವೆ, ಕೊನೆಯ ಪ್ರಾರ್ಥನೆಯಂತೂ ಮುಸಲ್ಮಾನರ ಬಾಯಿನ ಮಾತೇ. ಆದರೆ ಕುದುರೆ ಹಡಗಿನ ಪಠ್ಯಗಳಲ್ಲಿ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಕಾರಣ ಸರಳ. ನೂನಿಜ್‌ಗೆ ಕುದುರೆ ಸಾವಿರಗಳಲ್ಲಿತ್ತು, ರಝಾಕ್‌ಗೆ ಉಡುಗೊರೆಯಾಗಿತ್ತು, ನಿಕಿಟಿನ್‌ಗೆ ಇದ್ದದ್ದು ಒಂದೇ. ಒಂದೇ ಇದ್ದಾಗ ಅದು ತಿಂದದ್ದೂ ಕೆಮ್ಮಿದ್ದೂ ಗೊತ್ತಾಗುತ್ತದೆ. 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಾಸಿಲಿ ಪ್ರೋನಿನ್ ಸೇರಿ ಅವನ ಕಥೆಯನ್ನು 'ಪರದೇಸಿ' ಎಂಬ ಸಿನಿಮಾ ಮಾಡಿದರು. ನರ್ಗಿಸ್, ಬಲರಾಜ್ ಸಾಹ್ನಿ ಅದರಲ್ಲಿದ್ದರು. ಎರಡು ದೇಶಗಳ ಸ್ನೇಹವೆಂಬ ದೊಡ್ಡ ಹೊರೆಯನ್ನು ಅದು ಹೊತ್ತಿತ್ತು. ನಿಕಿಟಿನ್ ಬರಹದ ಶಕ್ತಿ ಇರುವುದು ಅಂಥ ದೊಡ್ಡ ಮಾತಿನಲ್ಲಲ್ಲ, ಒಂದು ಕುದುರೆಯ ವರ್ಷದ ಮೇವಿನ ಲೆಕ್ಕದಲ್ಲಿ.

ಹಡಗಿನ ಕುದುರೆಯನ್ನು ಮರೆತು ಚರಿತ್ರೆ ಓದಿದರೆ ಏನಾಗುತ್ತದೆ ಎಂಬುದಕ್ಕೆ ಭಟ್ಕಳದ ಪ್ರಸಂಗವೊಂದಿದೆ. 15ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಮುಸ್ಲಿಂ ವ್ಯಾಪಾರಿಗಳ ಕಗ್ಗೊಲೆಯಾಯಿತು, ಉಳಿದವರು ಗೋವೆಗೆ ಹೋಗಿ ನೆಲೆಸಿದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬರೋಸ್ ಹೇಳುತ್ತಾನೆ. ಈ ಒಂದು ಸಾಲನ್ನು ಹಿಡಿದು ಇವತ್ತು ಯಾರು ಬೇಕಾದರೂ ಶತಮಾನಗಳ ಧರ್ಮದ್ವೇಷದ ಕಥೆ ಕಟ್ಟಬಹುದು. ಆದರೆ ಅದೇ ಬರೋಸ್ ಕಾರಣವನ್ನೂ ಕೊಡುತ್ತಾನೆ. ಆ ವ್ಯಾಪಾರಿಗಳು ಕುದುರೆಗಳನ್ನು ವಿಜಯನಗರದ ಬದಲು ಬಹಮನಿಗಳಿಗೆ ಮಾರಿದ್ದರು. ಕೊಲ್ಲಿಸಿದ್ದು ಅವರ ನಮಾಜಲ್ಲ, ಅವರ ಗಿರಾಕಿ. ಇದರಿಂದ ಕೊಲೆ ಹಗುರವಾಗುವುದಿಲ್ಲ. ಆದರೆ ಅದರ ಅರ್ಥ ಬದಲಾಗುತ್ತದೆ. ಮುಂದೆ 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಕುದುರೆ ಹಡಗುಗಳನ್ನೆಲ್ಲ ತಮ್ಮ ಬಂದರಿಗೇ ಎಳೆದುಕೊಂಡರು. 1547ರಲ್ಲಿ ವಿಜಯನಗರಕ್ಕೂ ಗೋವೆಗೂ ಆದ ಒಪ್ಪಂದದಲ್ಲಿ ಗೋವೆಗೆ ಇಳಿದ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಕೂಡದು ಎಂಬ ಷರತ್ತಿತ್ತು. ಒಪ್ಪಂದ ಮಾಡಿಕೊಂಡವರು ಒಬ್ಬರು ಹಿಂದೂ, ಒಬ್ಬರು ಕ್ರೈಸ್ತ. ಕುದುರೆ ತಂದವನು ಮುಸಲ್ಮಾನ. ಕುದುರೆ ತಪ್ಪಿಸಬೇಕಾದದ್ದು ಇನ್ನೊಬ್ಬ ಮುಸಲ್ಮಾನ ಅರಸನಿಗೆ. ಕುದುರೆಗೆ ಮಾತ್ರ ಯಾವ ಧರ್ಮವೂ ಇರಲಿಲ್ಲ, ಬಾಯಾರಿಕೆ ಇತ್ತು.

ಕೃಷ್ಣದೇವರಾಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದ ರಾಜನೀತಿ ಭಾಗದಲ್ಲಿ, ದೂರದೇಶಗಳಿಂದ ಆನೆ ಕುದುರೆ ತರುವ ವ್ಯಾಪಾರಿಗಳಿಗೆ ಊರು, ಮನೆ, ಮರ್ಯಾದೆ ಕೊಟ್ಟು ಹಿಡಿದಿಟ್ಟುಕೊಳ್ಳಬೇಕು, ಅವು ಶತ್ರುವಿನ ಪಾಲಾಗಬಾರದು ಎಂಬ ಸಲಹೆ ಇದೆ. ಹಂಪಿಯ ಹಜಾರರಾಮ ದೇಗುಲದ ಹೊರಗೋಡೆಯ ಮೆರವಣಿಗೆಯ ಸಾಲಿನಲ್ಲಿ ಕುದುರೆಗಳೂ ಇವೆ, ಅವುಗಳನ್ನು ಹಿಡಿದು ನಡೆಸುವ ಮನುಷ್ಯರೂ ಇದ್ದಾರೆ. ರಾಮನ ದೇಗುಲದ ಗೋಡೆಯಲ್ಲಿ ಕುದುರೆಯ ಆಳಿಗೂ ಒಂದು ಜಾಗ ಸಿಕ್ಕಿದೆ. ಕವಿಗಳು, ಇತಿಹಾಸಕಾರರು ಬಿಟ್ಟವನನ್ನು ಕಲ್ಲುಕುಟಿಗ ಬಿಡಲಿಲ್ಲ. ಭಾಷೆಯೂ ಬಿಡಲಿಲ್ಲ. ಜೀನು, ಲಗಾಮು, ರಿಕಾಪು, ಚಾಬೂಕು – ಕನ್ನಡಿಗರು ಪರಕೀಯವೆಂದು ಎಣಿಸದೆ ಆಡುವ ಈ ಮಾತುಗಳು ಪಾರಸಿ ಅರಬ್ಬಿ ಮೂಲದವು. ಇವನ್ನು ನಮ್ಮ ಬಾಯಿಗೆ ಹಾಕಿದ್ದು ಪಂಡಿತರಲ್ಲ, ಲಾಯದಲ್ಲಿ ಕೂಡಿ ದುಡಿದ ಜನ.

ಇನ್ನು ಟೀಪುವಿನ ಕಾಲಕ್ಕೆ ಬರೋಣ. ಟೀಪು ಹುಟ್ಟಿದ ದೇವನಹಳ್ಳಿ ನಮ್ಮ ವಿಜಯಪುರಕ್ಕೆ ತಾಲ್ಲೂಕು ಕೇಂದ್ರ. ಇಲ್ಲಿ ಟೀಪು ಎಂದರೆ ಹುಲಿ. ಆಟೋಗಳ ಹಿಂಬದಿಯಲ್ಲಿ, ಬಾವುಟಗಳಲ್ಲಿ ಹುಲಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಿಳಿಯನ ಮೇಲೆ ಎರಗಿರುವ ಮರದ ಯಂತ್ರಹುಲಿ. ಅವನ ಸಿಂಹಾಸನಕ್ಕೆ ಹುಲಿ, ಸೈನಿಕರ ಅಂಗಿಗೆ ಹುಲಿಪಟ್ಟೆ. ಅವನನ್ನು ಹೊಗಳುವವರೂ ಬೈಯುವವರೂ ಈ ಹುಲಿಯನ್ನು ಒಪ್ಪಿಕೊಂಡಿದ್ದಾರೆ. ಒಬ್ಬರಿಗೆ ಅದು ಶೌರ್ಯ, ಇನ್ನೊಬ್ಬರಿಗೆ ಕ್ರೌರ್ಯ. 2015ರಲ್ಲಿ ಸರ್ಕಾರಿ ಟೀಪು ಜಯಂತಿ ಆರಂಭವಾದಾಗಲೂ 2019ರಲ್ಲಿ ಅದು ರದ್ದಾದಾಗಲೂ ಬೀದಿಯಲ್ಲಿ ಕಾದಾಡಿದ್ದು ಈ ಎರಡು ಹುಲಿಗಳೇ.

ಆದರೆ ಟೀಪುವಿನ ಹಡಗಿನಲ್ಲಿ ಇದ್ದದ್ದು ಹುಲಿಯಲ್ಲ, ಆನೆಗಳು. 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದಿಂದ ಹೊರಟ ಅವನ ರಾಯಭಾರ ತಂಡ 1786ರ ಮಾರ್ಚ್ 9ರಂದು ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ತುರ್ಕಿಯತ್ತ ಹಾಯಿ ಬಿಚ್ಚಿತು. ಮುಖ್ಯಸ್ಥ ಗುಲಾಂ ಅಲಿ ಖಾನ್. ಒಟ್ಟು ಸುಮಾರು ಒಂಬೈನೂರು ಜನ. ಗಂಧ, ಮೆಣಸು, ಏಲಕ್ಕಿ, ಬಟ್ಟೆಗಳ ಜೊತೆಗೆ ನಾಲ್ಕು ಆನೆಗಳನ್ನೂ ಹತ್ತಿಸಿದ್ದರು. ಆಟೊಮನ್ ಸುಲ್ತಾನನ ಮನ್ನಣೆ ಪಡೆಯುವುದು, ಬಸ್ರಾದಲ್ಲಿ ವ್ಯಾಪಾರಕ್ಕೆ ನೆಲೆ ಕೇಳುವುದು ಉದ್ದೇಶ. ತಂಡದ ಬರಹಗಾರನಾಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿಯಲ್ಲಿ ಬರೆದ ದಿನಚರಿ 'ವಖಾಯಿ ಎ ಮನಾಜಿಲ್ ಎ ರೂಮ್'. ಅದನ್ನು ಮೊಹಿಬ್ಬುಲ್ ಹಸನ್ ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು. ನಾಲ್ಕು ಆನೆಗಳಲ್ಲಿ ಒಂದೂ ಇಸ್ತಾಂಬುಲ್ ಕಾಣಲಿಲ್ಲ, ಎಲ್ಲವೂ ದಾರಿಯಲ್ಲೇ ಸತ್ತವು. ಜನರೂ ರೋಗಕ್ಕೆ, ಕಡಲಿಗೆ ಸಿಕ್ಕಿ ಸತ್ತರು. ಊರಿಗೆ ಮರಳಿದವರು ಬಹಳ ಕಡಿಮೆ.

ಒಂದು ಬೆಳೆದ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ, ನೂರು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಒಂದು ತಿಂಗಳ ಪಯಣವೆಂದರೂ ನಾಲ್ಕು ಆನೆಗೆ 18 ಟನ್ ಮೇವು, 12,000 ಲೀಟರಿಗೂ ಮಿಕ್ಕಿ ನೀರು. ಹಸಿ ಸೊಪ್ಪು ಮೂರನೇ ದಿನಕ್ಕೆ ಬಾಡುತ್ತದೆ, ವಾರದೊಳಗೆ ಕೊಳೆಯುತ್ತದೆ. ಮಲೆನಾಡಿನ ಕಾಡಿನಲ್ಲಿ ಹೊಳೆಯಲ್ಲಿ ಮುಳುಗೆದ್ದ ಪ್ರಾಣಿ ಮಾರ್ಚ್ ಏಪ್ರಿಲಿನ ಅರಬ್ಬೀ ಬಿಸಿಲಿನಲ್ಲಿ ಕಾಲಿಗೆ ಸರಪಳಿ ಹಾಕಿಸಿಕೊಂಡು ನಿಂತಿತ್ತು. ಆನೆಗಳಿದ್ದ ಮೇಲೆ ಮಾವುತರೂ ಇದ್ದಿರಲೇಬೇಕು. ಕಾಡಿನಂಚಿನ ಊರುಗಳಿಂದ ಬಂದ, ಕಡಲು ನೋಡಿಯೇ ಇರದ ಜನ. ಆನೆ ಸತ್ತ ಮೇಲೆ ಮಾವುತನಿಗೆ ಆ ಹಡಗಿನಲ್ಲಿ ಏನು ಕೆಲಸ? ಖಲೀಫನ ಆಸ್ಥಾನಕ್ಕೆ ಹೊರಟ ದೊಡ್ಡವರ ನಡುವೆ ಅವನು ಯಾವ ಮೂಲೆಯಲ್ಲಿ ಕೂತಿದ್ದ? ನನ್ನ ಮಟ್ಟಿಗೆ ಟೀಪುವಿನ ಕಾಲದ ಅತಿ ದೊಡ್ಡ ಕಥೆಯೊಂದು ಇಲ್ಲಿ ಬರೆಯಿಸಿಕೊಳ್ಳಲು ಕಾದಿದೆ.

ಟೀಪು ತನ್ನ ಕೈಯಾರೆ ಬರೆದಿಟ್ಟ ಕನಸಿನ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿನ ಒಂದು ಕನಸಿನಲ್ಲಿ ಚೀನಾದ ದೊರೆ ಅವನಿಗೆ ಬಿಳಿ ಆನೆ ಕಳಿಸುತ್ತಾನೆ. ಗಿರೀಶ ಕಾರ್ನಾಡರು 'ಟೀಪು ಸುಲ್ತಾನ್ ಕಂಡ ಕನಸು' ನಾಟಕವನ್ನು ಕಟ್ಟಿದ್ದು ಇದೇ ಕನಸುಗಳ ದಾಖಲೆಯ ಸುತ್ತ. ಹುಲಿಯ ಬೊಂಬೆಯ ಹಿಂದಿನ ಮನುಷ್ಯನನ್ನು, ಆತಂಕ ಮತ್ತು ಆಸೆಗಳಿಂದ ನಿದ್ದೆಗೆಟ್ಟವನನ್ನು ಅದು ರಂಗಕ್ಕೆ ತಂದಿತು. ಅದು ಸಣ್ಣ ಸಾಧನೆಯಲ್ಲ. ಆದರೂ ಅದು ಅರಸನ ಒಳಗಿನ ಪಯಣ. ಕನಸಿನ ಆನೆ ಅವನ ಬಳಿಗೆ ಸುಖವಾಗಿ ಬಂತು. ಅವನು ಕಳಿಸಿದ ನಿಜವಾದ ಆನೆಗಳು ಯಾರ ಬಳಿಗೂ ತಲುಪಲಿಲ್ಲ. ಟೀಪುವನ್ನು ತಿಳಿಯಲು ಎರಡೂ ಬೇಕು. ಎರಡನೆಯದನ್ನು ಬರೆದರೆ ಅವನು ಹುತಾತ್ಮನೂ ಆಗುವುದಿಲ್ಲ, ರಾಕ್ಷಸನೂ ಆಗುವುದಿಲ್ಲ. ದೂರದ ಕಡಲಾಚೆಗೆ ಕೈಚಾಚಿದ, ಆ ಚಾಚುವಿಕೆಯ ಬೆಲೆಯನ್ನು ಬೇರೆಯವರ ಜೀವದಿಂದ ತೆತ್ತ ಒಬ್ಬ ದೊರೆಯಾಗಿ ಕಾಣುತ್ತಾನೆ. ಅವನ ಅಭಿಮಾನಿಗಳಿಗೆ ಇದು ಇಷ್ಟವಾಗಲಿಕ್ಕಿಲ್ಲ. ಅವನ ದ್ವೇಷಿಗಳಿಗೂ ಉಪಯೋಗಕ್ಕೆ ಬಾರದು, ಏಕೆಂದರೆ ಈ ಬೆಲೆ ತೆರಿಸದ ದೊರೆಯೇ ಆ ಕಾಲದಲ್ಲಿ ಇರಲಿಲ್ಲ.

ಇದೇ ಟೀಪುವಿನ ಪತ್ರಗಳಲ್ಲಿ ಇನ್ನೊಂದು ಜೀವ ಬರುತ್ತದೆ. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪತ್ರಸಂಗ್ರಹದಲ್ಲಿ ಮಸ್ಕತ್‌ನ ತನ್ನ ಪ್ರತಿನಿಧಿಗೆ ಅವನು ರೇಷ್ಮೆಹುಳು ಕಳಿಸುವಂತೆ, ಜೊತೆಗೆ ಅದನ್ನು ಸಾಕಬಲ್ಲ ಐದಾರು ಜನರನ್ನೂ ಕಳಿಸುವಂತೆ ಬರೆದದ್ದಿದೆ. ಬಂಗಾಳಕ್ಕೆ ಹುಳು ತರಲು ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬ ಇಬ್ಬರನ್ನು ಒಟ್ಟಿಗೆ ಕಳಿಸಿದ್ದ ವಿಷಯವೂ ಇದೆ. ರೇಷ್ಮೆ ನೂಲು ಬಿಚ್ಚಿಯೇ ಒಲೆ ಹಚ್ಚುವ ಮನೆಗಳಿರುವ ವಿಜಯಪುರದವರಿಗೆ ಈ ಪತ್ರದ ಬಿಗಿ ಬೇಗ ಅರ್ಥವಾಗುತ್ತದೆ. ವರ್ಷಕ್ಕೆ ಹಲವು ಬೆಳೆ ಕೊಡುವ ಜಾತಿಯ ಮೊಟ್ಟೆಯಾದರೆ ಹತ್ತು ಹನ್ನೆರಡು ದಿನಕ್ಕೆ ಒಡೆಯುತ್ತದೆ. ಒಡೆದ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೆ ಆಹಾರವಿಲ್ಲ. ನಡುಗಡಲಿನಲ್ಲಿ ಹಿಪ್ಪುನೇರಳೆ ಎಲ್ಲಿಂದ? ಹುಳು ಮಾತ್ರ ಸಾಲದು, ಸಾಕುವ ಕೈಯೂ ಬೇಕು ಎಂದು ಟೀಪು ಕೇಳಿದ್ದು ಅದಕ್ಕೇ. ಅವನ ಎಲ್ಲ ಪತ್ರಗಳಲ್ಲಿ ನನಗೆ ಹೆಚ್ಚು ವಿವೇಕದ್ದಾಗಿ ಕಂಡದ್ದು ಇದು. ಪ್ರಾಣಿಯ ಜೊತೆ ಅದರ ಮನುಷ್ಯನೂ ಬರಬೇಕು ಎಂಬ ತಿಳಿವು ಇದರಲ್ಲಿದೆ. ಹುಲಿ ಬಾವುಟದಲ್ಲಿ ಉಳಿಯಿತು, ಆನೆ ಕಡಲಪಾಲಾಯಿತು, ಹುಳುವಿನ ಕಸುಬು ಮಾತ್ರ ಇಂದಿಗೂ ನಮ್ಮ ತಾಲ್ಲೂಕಿನಲ್ಲಿ ಹಿಂದೂ ರೈತನ ತೋಟದಿಂದ ಮುಸ್ಲಿಂ ರೀಲರನ ಚರಕದವರೆಗೆ ನಡೆದುಕೊಂಡು ಬಂದಿದೆ. ಆದರೆ ಹುಳುವನ್ನು ಯಾರೂ ಲಾಂಛನ ಮಾಡಿಕೊಳ್ಳುವುದಿಲ್ಲ.

ಕನ್ನಡದ ಮುಸ್ಲಿಂ ಕಥನದಲ್ಲಿ ಕಡಲು ಇಲ್ಲವೆಂದಲ್ಲ. ಮೀನಿನ ದೋಣಿಯಿದೆ, ಗಲ್ಫಿಗೆ ಹೋದ ಮಗನಿದ್ದಾನೆ, ಅವನ ಹಣಕ್ಕಾಗಿ ಕಾಯುವ ಮನೆಯಿದೆ. ಇವು ನಮ್ಮ ಕಣ್ಣೆದುರಿನ ಬದುಕು, ಬರೆಯಲೇಬೇಕಾದದ್ದು. ಆದರೆ ಅದೇ ಕಡಲಿನ ಹಿಂದಿನ ಪುಟಗಳಿಗೆ ಹೋಗಲು ನಾವು ಹಿಂಜರಿದಿದ್ದೇವೆ ಎಂದು ನನಗನ್ನಿಸುತ್ತದೆ. ಚರಿತ್ರೆ ಎಂದೊಡನೆ ನಮ್ಮ ಮೇಲೆ ಆರೋಪಪಟ್ಟಿ ಬರುತ್ತದೆ, ನಾವು ಉತ್ತರ ಕೊಡುವ ಆತುರದಲ್ಲಿ ಅರಸರ ವಕೀಲರಾಗುತ್ತೇವೆ. ವಕೀಲನಿಗೆ ಕಟ್ಟೆಯ ಮೇಲಿನವನೇ ಮುಖ್ಯ; ಕಥೆಗಾರನಿಗೆ ಹಾಗಲ್ಲ. ಹಡಗಿನ ಹೊಟ್ಟೆಯಲ್ಲಿ ಕುದುರೆಗೆ ನೀರು ಹೊತ್ತವನು ಅರಬನೋ ಬಲೂಚಿಯೋ ಹಬಶಿಯೋ ನಮ್ಮ ಕರಾವಳಿಯವನೋ, ಅವನಿಗೆ ವಕೀಲರಿಲ್ಲ. ಅವನನ್ನು ಬರೆಯುವುದರಿಂದ ಯಾವ ಸಮುದಾಯದ ಮಾನವೂ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ. ಬದಲಿಗೆ ಚರಿತ್ರೆ ಎಂಬುದು ಇಬ್ಬರು ಎದುರಾಳಿಗಳ ಕಟ್ಟಳೆಯಲ್ಲ, ಒಬ್ಬರ ಹೊಟ್ಟೆ ಇನ್ನೊಬ್ಬರ ಕೈಗೆ ಕಟ್ಟಿಹಾಕಿದ ದೊಡ್ಡ ವ್ಯವಹಾರ ಎಂಬುದು ಓದುಗನಿಗೆ ತಾನಾಗಿ ತಿಳಿಯುತ್ತದೆ.

ಪ್ರಾಣಿಗಳಿದ್ದ ಹಡಗು ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ನೂಹ್ ಪೈಗಂಬರರ ನೌಕೆ. ಅಲ್ಲಿ ಪ್ರತಿ ಜೀವವೂ ಜೋಡಿಯಾಗಿ ಹತ್ತಿತು, ಸಂತತಿ ಉಳಿಯಲೆಂದು. ಹೊರ್ಮುಜ್‌ನ ಹಡಗಿಗೆ ಕುದುರೆ ಹತ್ತಿದ್ದು ಯಾರದೋ ಯುದ್ಧಕ್ಕೆ, ತದಡಿಯ ಹಡಗಿಗೆ ಆನೆ ಹತ್ತಿದ್ದು ಯಾರದೋ ಮನ್ನಣೆಗೆ. ನೌಕೆಯ ಕಥೆಯನ್ನು ನಾವು ಭಕ್ತಿಯಿಂದ ಕೇಳುತ್ತೇವೆ, ಈ ಹಡಗುಗಳ ಕಥೆಯನ್ನು ಕೇಳುವುದೇ ಇಲ್ಲ. ಕೇಳಬೇಕಾದ ಎಲ್ಲವೂ ಆಗಲೇ ಬರೆದಿಟ್ಟದ್ದಿದೆ – ನೂನಿಜ್‌ನ ಲೆಕ್ಕದಲ್ಲಿ, ನಿಕಿಟಿನ್‌ನ ಒಡೆದ ಭಾಷೆಯಲ್ಲಿ, ಖ್ವಾಜಾ ಅಬ್ದುಲ್ ಖಾದಿರನ ಪಾರಸಿ ದಿನಚರಿಯಲ್ಲಿ. ಉರ್ದು ಪಾರಸಿ ಓದಬಲ್ಲ, ಕನ್ನಡದಲ್ಲಿ ಬರೆಯಬಲ್ಲ ಹೊಸ ಹುಡುಗ ಹುಡುಗಿಯರು ಇನ್ನೂ ಇದ್ದಾರೆ. ಅವರಲ್ಲಿ ಯಾರಾದರೂ ಆ ದಿನಚರಿಯನ್ನು ಅರಸನಿಗಾಗಿ ಅಲ್ಲದೆ ಮಾವುತನಿಗಾಗಿ ಹುಡುಕುತ್ತಾ ಓದಲಿ. ಸಾಳುವ ನರಸಿಂಹನ ಕಾಲದಲ್ಲಿ ಸತ್ತ ಕುದುರೆಯ ಬಾಲಕ್ಕೂ ಬೆಲೆ ಕಟ್ಟುವವರಿದ್ದರು. ಅದನ್ನು ಕೊಯ್ದ ಕೈಗೆ ಇನ್ನೂ ಯಾರೂ ಲೆಕ್ಕ ಕೊಟ್ಟಿಲ್ಲ.